ಇಂಗ್ಲಿಷಿನ ಬಹುವಚನವೂ ಅದರ ಬೆನ್ನಿಗೆ ಬರುವ ಪದಪುಂಜವೂ

ಕನ್ನಡ ನಾಡಿನ ಪ್ರಾಚೀನ ಇತಿಹಾಸವನ್ನು ಓದಬಯಸುವವರು ಜೆ. ಎಫ್. ಫ್ಲೀಟರನ್ನು ಬಿಟ್ಟು ಮುಂದೆ ಹೋಗಲಾರರು. ೧೮೮೨ರಲ್ಲಿ ಹೊರಬಂದ ಅವರ ಗ್ರಂಥದ ಹೆಸರು 'ದಿ ಡೈನಸ್ಟೀಸ್ ಆಫ್ ದಿ ಕ್ಯಾನರೀಸ್ ಡಿಸ್ಟ್ರಿಕ್ಟ್ಸ್ ಆಫ್ ದಿ ಬಾಂಬೆ ಪ್ರೆಸಿಡೆನ್ಸಿ' ಎಂದು ತೊಡಗುತ್ತದೆ. ಈ ಹೆಸರನ್ನು ಕರಿಹಲಗೆಯ ಮೇಲೆ ಬರೆದು ಒಂಬತ್ತನೆಯ ತರಗತಿಯ ಮಕ್ಕಳಿಗೆ ಕನ್ನಡದಲ್ಲಿ ಹೇಳಿರೆಂದರೆ, ಮೊದಲ ಪದದಿಂದ ತೊಡಗಿದವನು ನಡುದಾರಿಯಲ್ಲಿ ನಿಲ್ಲುತ್ತಾನೆ. ಕೊನೆಯಿಂದ ತೊಡಗಿದವನು 'ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳು' ಎಂದು ಒಂದೇ ಉಸಿರಿನಲ್ಲಿ ಮುಗಿಸುತ್ತಾನೆ. ನಮ್ಮ ಭಾಷೆಯಲ್ಲಿ ವಿಶೇಷಣವೆಲ್ಲ ಮುಂದಾಗಿ ಬಂದು ವಿಶೇಷ್ಯವು ಕಡೆಗೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಬಹುವಚನದ ನಾಮಪದ ಮೊದಲು ಬಂದು ಕುಳಿತು, 'ಆಫ್', 'ಇನ್', 'ಫ್ರಮ್', 'ಅಟ್' ಮುಂತಾದ ಪ್ರಿಪೊಸಿಷನ್ನುಗಳ ಪರಿವಾರ ಅದರ ಹಿಂದೆ ಸಾಲುಗಟ್ಟುತ್ತದೆ. ಪ್ರಿಪೊಸಿಷನ್ನನ್ನು ಕೆಲವರು ಉಪಸರ್ಗವೆಂದು ಕರೆಯುವುದುಂಟು. ಪ್ರ, ಪರಾ, ಅಪ ಎಂಬ ಸಂಸ್ಕೃತದ ಉಪಸರ್ಗಗಳೇ ಬೇರೆ. ಗೊಂದಲ ಬೇಡವೆಂದು ನಾವು ಇಂಗ್ಲಿಷ್ ಹೆಸರನ್ನೇ ಉಳಿಸಿಕೊಂಡಿದ್ದೇವೆ.

ಗೋವೆಯಲ್ಲಿ ಈ ವಿಷಯಕ್ಕೆ ಇನ್ನೊಂದು ತೂಕವಿದೆ. ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಅಕ್ಷರ ಕಲಿತ ನಮ್ಮವರ ಮಗು ಮುಂದೆ ಇಂಗ್ಲಿಷ್ ಮಾಧ್ಯಮದ ಪ್ರೌಢಶಾಲೆಗೆ ಹೋಗಿ ಕೊಂಕಣಿ, ಮರಾಠಿ ಮಕ್ಕಳ ಜೊತೆಗೆ ಕುಳಿತುಕೊಳ್ಳುತ್ತದೆ. ಅಲ್ಲಿ ಇತಿಹಾಸದ ಉತ್ತರವೂ ವಿಜ್ಞಾನದ ಉತ್ತರವೂ ಇಂಗ್ಲಿಷಿನಲ್ಲೇ ಆಗಬೇಕು. ವಿಷಯ ತಿಳಿದಿದ್ದೂ ಪದಕ್ರಮ ತಪ್ಪಿ ಅಂಕ ಕಳೆದುಕೊಂಡ ಮಕ್ಕಳನ್ನು ನಾವು ಪ್ರತಿವರ್ಷವೂ ಕಂಡಿದ್ದೇವೆ.

ಇತಿಹಾಸದ ಪುಸ್ತಕವನ್ನೇ ತೆಗೆದುಕೊಳ್ಳೋಣ. 'ಕದಂಬಾಸ್ ಆಫ್ ಬನವಾಸಿ', 'ಕದಂಬಾಸ್ ಆಫ್ ಹಾನಗಲ್', 'ಕದಂಬಾಸ್ ಆಫ್ ಗೋವಾ' ಎಂದು ಬರೆಯುವುದು ವಾಡಿಕೆ. ಇಲ್ಲಿ 'ಆಫ್' ಎಂಬುದು ಒಂದು ಶಾಖೆಯನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತೇ ಹೊರತು ಅವರೆಲ್ಲ ಎಲ್ಲಿ ವಾಸವಾಗಿದ್ದರೆಂಬ ವಿಳಾಸವಲ್ಲ. ಮೊದಲು ಚಂದ್ರಪುರದಿಂದಲೂ ಅನಂತರ ಗೋಪಕಪಟ್ಟಣದಿಂದಲೂ ಆಳಿದ ಗೋವೆಯ ಕದಂಬರಿಗೆ ಘಟ್ಟದ ಮೇಲಿನ ಹಲಸಿಗೆ ಹನ್ನೆರಡು ಸಾವಿರವೂ ಸೇರಿತ್ತು. ಆದುದರಿಂದ 'ದಿ ಟೆಂಪಲ್ಸ್ ಆಫ್ ದಿ ಕದಂಬಾಸ್ ಆಫ್ ಗೋವಾ' ಎಂದರೆ ಆ ಮನೆತನದ ದೇವಾಲಯಗಳು ಎಲ್ಲಿದ್ದರೂ ಲೆಕ್ಕಕ್ಕೆ ಬರುತ್ತವೆ. ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ, ಬೆಳಗಾವಿ ಜಿಲ್ಲೆಯ ದೇಗಾಂವೆಯ ಕಮಲನಾರಾಯಣ ದೇವಾಲಯವೂ ಬರುತ್ತದೆ. ಕೊನೆಯ 'ಆಫ್' ತೆಗೆದು 'ಇನ್' ಇಟ್ಟು 'ದಿ ಟೆಂಪಲ್ಸ್ ಆಫ್ ದಿ ಕದಂಬಾಸ್ ಇನ್ ಗೋವಾ' ಎಂದು ಬರೆಯಿರಿ. ಆಗ ಓದುಗನು 'ಇನ್ ಗೋವಾ' ಎಂಬುದನ್ನು ದೇವಾಲಯಗಳಿಗೇ ಜೋಡಿಸಿಕೊಳ್ಳುತ್ತಾನೆ. ತಾಂಬ್ಡಿ ಸುರ್ಲದ ಮಹಾದೇವ ಉಳಿಯುತ್ತಾನೆ, ದೇಗಾಂವೆಯ ಕಮಲನಾರಾಯಣ ಪಟ್ಟಿಯಿಂದ ಬಿದ್ದುಹೋಗುತ್ತಾನೆ! ಎರಡಕ್ಷರದ ಪದವೊಂದು ಒಂದು ದೇವಾಲಯವನ್ನು ನುಂಗುತ್ತದೆಂದರೆ ಸಂಶೋಧನೆಯಲ್ಲಿ ತೊಡಗಿದವರು ಎಷ್ಟು ಎಚ್ಚರದಿಂದಿರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ. ಪದಪುಂಜವು ಸಾಮಾನ್ಯವಾಗಿ ತನಗೆ ಹತ್ತಿರದ ನಾಮಪದಕ್ಕೇ ಅಂಟುತ್ತದೆ. ಫ್ಲೀಟರ ಹೆಸರಿನಲ್ಲಿ 'ಬಾಂಬೆ ಪ್ರೆಸಿಡೆನ್ಸಿ'ಗೆ ಸೇರಿದ್ದು ಜಿಲ್ಲೆಗಳು, ರಾಜವಂಶಗಳಲ್ಲ. ಆದರೆ ಅರ್ಥ ಕೂಡಿಬಂದಾಗ ಒಂದು ನಾಮಪದವನ್ನು ಹಾರಿ ಹಿಂದಿನದಕ್ಕೂ ಅಂಟಬಲ್ಲುದು. ತೊಡಕು ಹುಟ್ಟುವುದು ಅಲ್ಲಿಯೇ. ಇದೇ ವಂಶದ ಇತಿಹಾಸವನ್ನೂ ಒಳಗೊಂಡ ತಮ್ಮ ಗ್ರಂಥಕ್ಕೆ ಗೋವೆಯವರೇ ಆದ ಜಾರ್ಜ್ ಮೊರಾಯಸ್ಸರು ೧೯೩೧ರಲ್ಲಿ 'ದಿ ಕದಂಬ ಕುಲ' ಎಂದು ಹೆಸರಿಟ್ಟು, ಬಹುವಚನವನ್ನೂ 'ಆಫ್' ಅನ್ನೂ ಒಟ್ಟಿಗೆ ತಪ್ಪಿಸಿಕೊಂಡರು. ಇದು ನಮ್ಮ ಸಮಾಸದ ದಾರಿ.

ಕನ್ನಡದ ಷಷ್ಠೀ ವಿಭಕ್ತಿ ಉದಾರವಾದುದು. 'ಗೋವೆಯ ಕನ್ನಡಿಗರು' ಎಂದರೆ ಗೋವೆಯಲ್ಲಿ ಇರುವವರೂ ಆದೀತು, ಗೋವೆಯಿಂದ ಬಂದವರೂ ಆದೀತು, ಗೋವೆಗೆ ಸೇರಿದವರೂ ಆದೀತು. ಇಂಗ್ಲಿಷಿನಲ್ಲಿ ಈ ಮೂರಕ್ಕೆ ಮೂರು ಪದಗಳು: 'ಇನ್', 'ಫ್ರಮ್', 'ಆಫ್'. ಒಮ್ಮೆ ಮುರಗಾಂವ್ ಬಂದರಿನ ಕಡೆಯ ಹುಡುಗನೊಬ್ಬನು ತನ್ನ ಪ್ರಬಂಧದಲ್ಲಿ 'ವಿ ಆರ್ ಕನ್ನಡಿಗಾಸ್ ಫ್ರಮ್ ಗೋವಾ' ಎಂದು ಬರೆದಿದ್ದನು. ಗೋವೆಯಲ್ಲೇ ಕುಳಿತು ಗೋವೆಯವರಿಗೇ ಬರೆಯುವಾಗ 'ಫ್ರಮ್' ಸಲ್ಲದೆಂದು ನಾವು ಅದನ್ನು ಹೊಡೆದು 'ಇನ್' ಎಂದು ತಿದ್ದಿದೆವು. ಹುಡುಗನು ಪುಸ್ತಕ ಹಿಡಿದುಕೊಂಡು ಬಂದು, 'ಅಜ್ಜ ಬಂದು ಇಲ್ಲಿ ನೆಲೆನಿಂತನು, ಅಪ್ಪ ಇಲ್ಲಿ ಹುಟ್ಟಿದನು, ನಾನೂ ಇಲ್ಲಿಯೇ ಹುಟ್ಟಿದೆ. ಇನ್ನೂ "ಇನ್" ಏಕೆ ಸರ್?' ಎಂದು ಕೇಳಿದನು. ವ್ಯಾಕರಣಕ್ಕೆ 'ಇನ್' ಕೂಡ ಸರಿ, 'ಆಫ್' ಕೂಡ ಸರಿ. 'ಇನ್' ಎಂದರೆ ಇಂದು ಇಲ್ಲಿದ್ದಾರೆ, ನಾಳೆಯ ಮಾತಿಲ್ಲ. 'ಆಫ್' ಎಂದರೆ ಈ ನೆಲದ ಲೆಕ್ಕದಲ್ಲಿ ಸೇರಿದ್ದಾರೆ. ಯಾವುದನ್ನು ಬರೆಯಬೇಕೆಂಬುದನ್ನು ನಮಗಿಂತ ಅವನೇ ಚೆನ್ನಾಗಿ ಬಲ್ಲವನಾಗಿದ್ದನು. ನಮ್ಮ ಕೆಂಪು ಮಸಿಯ ತಿದ್ದುಪಡಿಯನ್ನು ನಾವೇ ಹೊಡೆದು ಹಾಕಿದೆವು.

ಮೂರು ಅರ್ಥಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕಾದರೆ ನಾವು ಕೃದಂತದ ನೆರವು ಪಡೆಯುತ್ತೇವೆ: 'ಗೋವೆಯಲ್ಲಿರುವ', 'ಗೋವೆಯಿಂದ ಬಂದ', 'ಗೋವೆಗೆ ಸೇರಿದ'. 'ಗೋವೆಯಿಂದ ಕನ್ನಡಿಗರು' ಎಂದು ವಿಭಕ್ತಿಯನ್ನು ಬರಿದೇ ನಾಮಪದಕ್ಕೆ ತಾಗಿಸಲು ಬಾರದು. 'ಕೊಡೆಯಲ್ಲಿನ ತೂತುಗಳು' ಎಂಬಂತೆ ಸಪ್ತಮಿಗೆ ಮಾತ್ರ 'ಇನ' ಹತ್ತಿಸುವ ಅನುಕೂಲವುಂಟು. ಇದನ್ನರಿತ ಅಧ್ಯಾಪಕನಿಗೆ ಒಳ್ಳೆಯ ಸಾಧನವೊಂದು ದೊರೆಯಿತು. 'ವಿ ಸಾ ದಿ ಬೋಟ್ಸ್ ಫ್ರಮ್ ದಿ ಬ್ರಿಜ್' ಎಂಬಲ್ಲಿ 'ಸೇತುವೆಯಿಂದ ನೋಡಿದೆವು' ಎನ್ನಬೇಕೋ 'ಸೇತುವೆಯ ಕಡೆಯಿಂದ ಬಂದ ದೋಣಿಗಳು' ಎನ್ನಬೇಕೋ ಎಂದು ಕೇಳಿದರೆ, ಪದಪುಂಜ ಕ್ರಿಯಾಪದಕ್ಕೆ ಸೇರಿತೋ ಬಹುವಚನ ನಾಮಪದಕ್ಕೆ ಸೇರಿತೋ ಎಂಬುದು ಮಗುವಿಗೆ ತಾನಾಗಿಯೇ ಹೊಳೆಯುತ್ತದೆ.

ಇನ್ನು ಕ್ರಿಯಾಪದದ ತಪ್ಪು. 'ದಿ ಬಾಸ್ಕೆಟ್ಸ್ ಆಫ್ ಫಿಶ್ ಈಸ್ ಹೆವಿ', 'ದಿ ಬಾಕ್ಸ್ ಆಫ್ ಮ್ಯಾಂಗೋಸ್ ಆರ್ ಓಪನ್' ಎಂದು ಮಕ್ಕಳು ಬರೆಯುವುದು ಅಜಾಗ್ರತೆಯಿಂದಲ್ಲ. 'ಮಾವಿನಹಣ್ಣುಗಳ ಪೆಟ್ಟಿಗೆ ತೆರೆದಿದೆ' ಎಂಬ ಕನ್ನಡ ವಾಕ್ಯದಲ್ಲಿ ಕರ್ತೃಪದವಾದ 'ಪೆಟ್ಟಿಗೆ' ಕ್ರಿಯಾಪದದ ಮಗ್ಗುಲಲ್ಲೇ ಇದೆ. ಇಂಗ್ಲಿಷಿನಲ್ಲಿ ಇವೆರಡರ ನಡುವೆ 'ಆಫ್ ಮ್ಯಾಂಗೋಸ್' ಬಂದು ಕೂರುತ್ತದೆ. ಕಿವಿಗೆ ಕಡೆಗೆ ಬಿದ್ದ ಪದ ಬಹುವಚನವಾದುದರಿಂದ ಕೈ 'ಆರ್' ಎಂದು ಬರೆಯುತ್ತದೆ. ಪದಪುಂಜವನ್ನು ಬೆರಳಿನಿಂದ ಮುಚ್ಚಿ ಓದುವ ಹಳೆಯ ಉಪಾಯಕ್ಕಿಂತ ಉತ್ತಮವಾದುದನ್ನು ನಾವು ಕಂಡಿಲ್ಲ. 'ಎ ನಂಬರ್ ಆಫ್ ಬಾಯ್ಸ್ ಆರ್' ಎಂಬಲ್ಲಿ ಮಾತ್ರ ಬೆರಳು ಮೋಸಮಾಡುತ್ತದೆ. ಅಲ್ಲಿ 'ಎ ನಂಬರ್ ಆಫ್' ಎಂಬುದು 'ಹಲವು' ಎಂಬ ವಿಶೇಷಣವೇ ಆಗಿಹೋಗಿದೆ. 'ದಿ ನಂಬರ್ ಆಫ್ ಬಾಯ್ಸ್' ಎಂದಾಗ ಪುನಃ 'ಈಸ್'.

ಯುನೆಸ್ಕೋ ಪಟ್ಟಿಯ ಹೆಸರುಗಳು ಇದಕ್ಕೆ ಚೆನ್ನಾದ ಪಾಠವಾಗುತ್ತವೆ. ೧೯೮೬ರಲ್ಲಿ ಹಳೆಯ ಗೋವೆಯ ಕಟ್ಟಡಗಳು 'ಚರ್ಚಸ್ ಅಂಡ್ ಕಾನ್ವೆಂಟ್ಸ್ ಆಫ್ ಗೋವಾ' ಎಂದೂ, ಅದೇ ವರ್ಷ ನಮ್ಮ ಹಂಪೆ 'ಗ್ರೂಪ್ ಆಫ್ ಮಾನ್ಯುಮೆಂಟ್ಸ್ ಅಟ್ ಹಂಪಿ' ಎಂದೂ ಸೇರಿದವು. ಮೊದಲನೆಯದರಲ್ಲಿ 'ಆಫ್ ಗೋವಾ' ಹಿಂದಿನ ಎರಡು ಬಹುವಚನಗಳಿಗೂ ಸಲ್ಲುತ್ತದೆ. ಅಲ್ಲಿ 'ದಿ' ಇಲ್ಲವೆಂಬುದನ್ನೂ ಗಮನಿಸಬೇಕು. 'ದಿ ಚರ್ಚಸ್ ಆಫ್ ಗೋವಾ' ಎಂದಿದ್ದರೆ ಊರೂರಿನ ಚರ್ಚುಗಳೆಲ್ಲ ಬಂದು ಸೇರಿಕೊಳ್ಳುತ್ತಿದ್ದವು. ಎರಡನೆಯದರಲ್ಲಿ ವಿಶೇಷ್ಯ 'ಗ್ರೂಪ್', ಏಕವಚನ. ಸ್ಮಾರಕಗಳು ನೂರಾರು ಇದ್ದರೂ 'ಈಸ್' ಎಂದೇ ಬರೆಯಬೇಕು. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಸೇರಿದಾಗ ಇಟ್ಟ ಹೆಸರು 'ಸೇಕ್ರೆಡ್ ಆನ್ಸಾಂಬಲ್ಸ್ ಆಫ್ ದಿ ಹೊಯ್ಸಳಾಸ್'. ಇಲ್ಲಿ ಎರಡೂ ಕಡೆ ಬಹುವಚನ.

ಕೊಂಕಣಿ ಮಗುವಿನ ತೊಡಕು ಕನ್ನಡ ಮಗುವಿನದಲ್ಲ. 'ಗೊಂಯ್ಚೆಂ ದೇವೂಳ್' ಎಂಬುದು ಬಹುವಚನದಲ್ಲಿ 'ಗೊಂಯ್ಚಿಂ ದೇವ್ಳಾಂ' ಆಗುತ್ತದೆ. ಷಷ್ಠಿಯ ಪ್ರತ್ಯಯವೂ ವಚನಕ್ಕೆ ತಕ್ಕಂತೆ ಬದಲಾಗುತ್ತದೆ. ನಮ್ಮ 'ಗೋವೆಯ' ಎಷ್ಟು ದೇವಾಲಯಗಳಿದ್ದರೂ 'ಗೋವೆಯ' ಆಗಿಯೇ ಇರುತ್ತದೆ. ಮೇಲಾಗಿ 'ಹತ್ತು ಮನೆ', 'ಐದು ಪುಸ್ತಕ' ಎಂದು ನಾವು ನಪುಂಸಕದಲ್ಲಿ ಬಹುವಚನವನ್ನೇ ಬಿಟ್ಟುಬಿಡುತ್ತೇವೆ. ಪೋರ್ತುಗೀಸ್ ಕಲಿತ ಹಿಂದಿನ ತಲೆಮಾರಿನ ಗೋವೆಯವರಿಗೆ ಇಂಗ್ಲಿಷಿನ ಈ ಕ್ರಮ ಹೊಸತಾಗಿರಲಿಲ್ಲ. ಅಲ್ಲಿಯೂ ನಾಮಪದ ಮೊದಲು, 'ದೆ ಗೋವಾ' ಆಮೇಲೆ. ಇಂಗ್ಲೆಂಡಿನಲ್ಲಿ ಹುಟ್ಟಿ ೧೫೭೯ರಲ್ಲಿ ಗೋವೆಗೆ ಬಂದ ಪಾದ್ರಿ ಥಾಮಸ್ ಸ್ಟೀಫನ್ಸರು ಈ ಭೇದವನ್ನು ಎದುರಾಎದುರು ಕಂಡವರು. ಅವರ ತಾಯ್ನುಡಿಯಲ್ಲಿ ಪದಪುಂಜ ಹಿಂದೆ, ಅವರು ವ್ಯಾಕರಣ ಬರೆದ ಕೊಂಕಣಿಯಲ್ಲಿ ಮುಂದೆ. ೧೬೧೯ರಲ್ಲಿ ಅವರು ತೀರಿಕೊಂಡ ಬಳಿಕ ೧೬೪೦ರಲ್ಲಿ ರಾಚೋಲಿನಲ್ಲಿ ಅಚ್ಚಾದ ಆ ವ್ಯಾಕರಣದ ಹೆಸರು 'ಆರ್ತೆ ದ ಲಿಂಗ್ವ ಕನಾರಿಂ'. 'ಕನಾರಿಂ' ಎಂಬುದನ್ನು ಕಂಡು ಕನ್ನಡ ವ್ಯಾಕರಣವೆಂದು ಹಿಗ್ಗಿದ ಮಿತ್ರರನ್ನು ನಾವು ಬಲ್ಲೆವು. ಪೋರ್ತುಗೀಸರು ಆ ಹೆಸರಿನಿಂದ ಕರೆದದ್ದು ಕೊಂಕಣಿಯನ್ನು.

ನಿತ್ಯದ ಮಾತಿನ ಒಂದೆರಡು ತಪ್ಪುಗಳನ್ನು ಹೇಳಿ ಮುಗಿಸುತ್ತೇವೆ. 'ಒನ್ ಆಫ್ ಮೈ ಫ್ರೆಂಡ್' ಎಂಬುದು ಪದವೀಧರರ ಬಾಯಲ್ಲೂ ಕೇಳಿಬರುತ್ತದೆ. ಕನ್ನಡದ ಪ್ರಭಾವವೆಂದು ಇದನ್ನು ತಳ್ಳಿಹಾಕುವುದು ಅರ್ಧ ಸತ್ಯ. 'ನನ್ನ ಒಬ್ಬ ಗೆಳೆಯ' ಎಂದು ಯೋಚಿಸಿದವನು ತಪ್ಪುತ್ತಾನೆ; 'ನನ್ನ ಗೆಳೆಯರಲ್ಲೊಬ್ಬ' ಎಂದು ಯೋಚಿಸಿದವನು 'ಫ್ರೆಂಡ್ಸ್' ಎಂದೇ ಹೇಳುತ್ತಾನೆ. ಹಾಗೆಯೇ ಇನ್ಸ್‌ಪೆಕ್ಟರರು ಹೆಚ್ಚಾದರೆ 'ಇನ್ಸ್‌ಪೆಕ್ಟರ್ಸ್ ಆಫ್ ಸ್ಕೂಲ್ಸ್'. ಅತ್ತೆಯರು ಇಬ್ಬರಾದರೆ 'ಮದರ್ಸ್ ಇನ್ ಲಾ'. ದಾರಿಹೋಕರು 'ಪಾಸರ್ಸ್ ಬೈ'. ಬಹುವಚನದ ಗುರುತು ವ್ಯಕ್ತಿಗೆ ಹತ್ತಬೇಕೇ ಹೊರತು ಬಾಲಕ್ಕಲ್ಲ. ಆಟದ ಪಂದ್ಯದಲ್ಲಿ ಎರಡನೆಯ ಸ್ಥಾನಕ್ಕೆ ಬಂದ ತಂಡದವರು 'ರನ್ನರ್ಸ್ ಅಪ್'. ನಮ್ಮ ಹುಡುಗರು ಒಂದು ವರ್ಷ ಗೆದ್ದು ತಂದ ಫಲಕದ ಮೇಲೆ ಕೆತ್ತನೆಗಾರನು 'ರನ್ನರ್ ಅಪ್ಸ್' ಎಂದು ಕೆತ್ತಿದ್ದಾನೆ. ಕಪಾಟಿನ ಗಾಜಿನ ಹಿಂದೆ ಅದು ಈಗಲೂ ಇದೆ. ವ್ಯಾಕರಣದ ತರಗತಿಗೆ ಬೇಕಾದಾಗ ಅದನ್ನೇ ಹೊರಗೆ ತೆಗೆಯುತ್ತೇವೆ.