ಬೆನ್ನುನೋವಿನ ಜೊತೆ ಕಾಲ ಬಲ ಹೋದರೆ ಕಾಯಬ್ಯಾಡ್ರಿ

ಇವತ್ತು ನಾನು ಹೇಳೋದು ಮೂಳೆ ಮಾತು. ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದಾಗ ಹೆಚ್ಚಾಗಿ ಮೂಳೆಗೇ ಹೋಗ್ತದ. ಎಕ್ಸ್‌ರೇದಾಗ ಆ ಮೂಳೆ ಬೆಳ್ಳಗೆ, ಗಟ್ಟಿಯಾಗಿ ಕಾಣ್ತದ. ಆದರೆ ಅದು ಅಡ್ಡಾದಿಡ್ಡಿ ಬೆಳೆದದ್ದು. ಬಲ ಇರಲ್ಲ, ಮುರೀಬಹುದು.

ಮೂಳೆ ಕಾಯಲು ಕೊಡುವ ಜೊಲೆಡ್ರಾನಿಕ್ ಆಸಿಡ್ ಇಂಜೆಕ್ಷನ್‌ನಿಂದ ಅಪರೂಪಕ್ಕೆ ದವಡೆ ಮೂಳೆ ಸಾಯ್ತದ. ಹಲ್ಲು ಕೀಳಿಸಿದ ಗಾಯ ಮಾಯೋದಿಲ್ಲ. ಅದಕ್ಕೇ ಮೊದಲ ಡೋಸ್‌ಗೆ ಮುಂಚೆ ಹಲ್ಲು ತೋರಿಸ್ರಿ.

ದೊಡ್ಡ ಅಪಾಯ ಬೆನ್ನುಹುರಿ ಒತ್ತುವುದು. ಈ ಕ್ಯಾನ್ಸರ್ ಇರೋ ಮುತ್ಯಾಗೆ ಬೆನ್ನುನೋವಿನ ಜೊತೆ ಕಾಲಲ್ಲಿ ಬಲ ಹೋದರೆ, ಮೂತ್ರ ಕಟ್ಟಿದರೆ, ಔರಾದ್ ಇರಲಿ ಭಾಲ್ಕಿ ಇರಲಿ, ಮಾಲೀಶ್ ಮಾಡ್ಕೋತ ಕೂಡಬ್ಯಾಡ್ರಿ. ಅದೇ ದಿನ ಬೀದರ್‌ನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ರಿ. ಕ್ಯಾನ್ಸರ್ ಇರೋದನ್ನ ಮೊದಲೇ ಹೇಳ್ರಿ, ಎಂಆರ್‌ಐ ಕೇಳ್ರಿ. ನಡಿಗೆ ಪೂರ್ತಿ ನಿಂತ ಮೇಲೆ ಮರಳೋದು ಕಷ್ಟ.