ಸರಕು ಸಾಗಣೆ ಕಚೇರಿಯ ಗುಮಾಸ್ತ: ಹುದ್ದೆ, ಅರ್ಹತೆ ಮತ್ತು ಅವಕಾಶ

ಸರಕನ್ನು ಮಾರಿ ಬಿಲ್ಲು ಬರೆದ ಮಾತ್ರಕ್ಕೆ ವ್ಯಾಪಾರ ಪೂರ್ಣವಾಗುವುದಿಲ್ಲ. ಸರಕು ಖರೀದಿದಾರರ ಗೋದಾಮನ್ನು ತಲುಪಬೇಕು. ತಲುಪಿದ್ದಕ್ಕೆ ಸಹಿ ಮತ್ತು ಮೊಹರು ಇರುವ ಸ್ವೀಕೃತಿ ಪ್ರತಿ ಹಿಂದಿರುಗಿ ಬರಬೇಕು. ಆಗ ಮಾತ್ರ ಹಣ ಕೇಳುವ ಹಕ್ಕು ಗಟ್ಟಿಯಾಗುತ್ತದೆ. ಈ ಎರಡು ತುದಿಗಳ ನಡುವಿನ ಕಾಗದಪತ್ರಗಳೆಲ್ಲ ಒಬ್ಬನ ಕೈಯಿಂದ ಹಾದುಹೋಗುತ್ತವೆ. ಪೀಣ್ಯದ ಅಥವಾ ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯಲ್ಲಿ ಅವನನ್ನು ಡಿಸ್‌ಪ್ಯಾಚ್ ಕ್ಲರ್ಕ್ ಎನ್ನುತ್ತಾರೆ. ಕಲಾಸಿಪಾಳ್ಯ, ಯಶವಂತಪುರ ಅಥವಾ ಹುಬ್ಬಳ್ಳಿಯ ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಬುಕಿಂಗ್ ಕ್ಲರ್ಕ್ ಎನ್ನುತ್ತಾರೆ. ಹೆಸರು ಯಾವುದಾದರೂ ಕೆಲಸ ಒಂದೇ: ಸರಕು ಮತ್ತು ಅದರ ಕಾಗದ ಒಂದಕ್ಕೊಂದು ಹೊಂದುವಂತೆ ನೋಡಿಕೊಳ್ಳುವುದು.

ಈ ಕೆಲಸಕ್ಕೆ ತಕ್ಕವರು ಸಿಗುತ್ತಿಲ್ಲ ಎಂಬ ಮಾತು ಸಾಗಣೆದಾರರಿಂದಲೂ ಸಣ್ಣ ಕೈಗಾರಿಕೋದ್ಯಮಿಗಳಿಂದಲೂ ಕೇಳಿಬರುತ್ತದೆ. ಇನ್ನೊಂದೆಡೆ ಪಿಯುಸಿ ಅಥವಾ ಬಿ.ಕಾಂ. ಮುಗಿಸಿದ ಯುವಕ ಯುವತಿಯರಿಗೆ ಇಂಥದೊಂದು ಹುದ್ದೆ ಇದೆಯೆಂಬುದೇ ತಿಳಿದಿರುವುದಿಲ್ಲ. ಇದನ್ನು ನಾವು ಕಲಿತು ಮಾಡಬೇಕಾದ ಕಸಬೆಂದು ಭಾವಿಸದೆ, ಪರಿಚಯದವರ ಮೂಲಕ ಬಂದ ಯಾರಾದರೂ ಮಾಡಬಹುದಾದ ಬರವಣಿಗೆಯೆಂದು ಭಾವಿಸಿರುವುದೇ ಈ ಎರಡೂ ಸ್ಥಿತಿಗಳಿಗೆ ಕಾರಣ. ಆ ಭಾವನೆಗೆ ಇಂದು ತೆರಬೇಕಾದ ಬೆಲೆ ದೊಡ್ಡದು.

ಕೆಲಸದ ಸ್ವರೂಪ

ಸಾಗಣೆ ಕಚೇರಿಯ ದಿನ ಉಳಿದ ಕಚೇರಿಗಳ ದಿನದಂತಲ್ಲ. ಬೆಳಿಗ್ಗೆ ಪರಸ್ಥಳದಿಂದ ಬಂದ ಲಾರಿಗಳ ಸರಕನ್ನು ಇಳಿಸಿಕೊಂಡು, ನಗಗಳನ್ನು ಚಲನ್‌ನೊಂದಿಗೆ ತಾಳೆ ನೋಡಬೇಕು. ಕಾರ್ಖಾನೆಗಳು ದಿನದ ಉತ್ಪಾದನೆಯನ್ನು ಸಂಜೆ ಕಳುಹಿಸುವುದರಿಂದಲೂ, ನಗರಗಳಲ್ಲಿ ಹಗಲು ಹೊತ್ತು ಭಾರಿ ವಾಹನಗಳಿಗೆ ನಿರ್ಬಂಧಗಳಿರುವುದರಿಂದಲೂ ಬುಕಿಂಗ್‌ನ ಒತ್ತಡ ಮಧ್ಯಾಹ್ನದ ನಂತರ ಏರುತ್ತದೆ. ರಾತ್ರಿ ಲಾರಿ ಹೊರಡುವವರೆಗೆ ಗುಮಾಸ್ತನಿಗೆ ಬಿಡುವಿಲ್ಲ.

ಅವನು ಬರೆಯುವ ಮುಖ್ಯ ದಾಖಲೆ ಲಾರಿ ರಸೀದಿ, ಅಂದರೆ ಎಲ್.ಆರ್. ಕಳುಹಿಸುವವರು, ಪಡೆಯುವವರು, ನಗಗಳ ಸಂಖ್ಯೆ, ಸರಕಿನ ವಿವರ, ನಿಜ ತೂಕ, ಬಾಡಿಗೆ ವಿಧಿಸುವ ತೂಕ, ಬಿಲ್ಲಿನ ಸಂಖ್ಯೆ ಹಾಗೂ ಮೌಲ್ಯ ಎಲ್ಲವೂ ಅದರಲ್ಲಿರುತ್ತವೆ. ಸ್ಪಂಜು, ಖಾಲಿ ಪ್ಲಾಸ್ಟಿಕ್ ಡಬ್ಬಗಳಂತಹ ಹಗುರವಾದರೂ ಜಾಗ ತಿನ್ನುವ ಸರಕಿಗೆ ಗಾತ್ರ ನೋಡಿ ಬಾಡಿಗೆ ಹಾಕುವುದು ವಾಡಿಕೆ. ಬಾಡಿಗೆ ಮುಂಗಡ ಸಂದಾಯವಾಗಿದೆಯೇ, ತಲುಪಿದ ಕಡೆ ವಸೂಲಾಗಬೇಕಾದ 'ಟು ಪೇ' ಆಗಿದೆಯೇ, ಖಾತೆಗೆ ಬರೆಯತಕ್ಕದ್ದೇ ಎಂಬುದು ಸ್ಪಷ್ಟವಾಗಿರಬೇಕು. ಇದನ್ನು ತಪ್ಪಾಗಿ ಬರೆದರೆ ದೂರದ ಊರಿನಲ್ಲಿ ಗ್ರಾಹಕನೂ ಶಾಖೆಯವರೂ ಜಗಳವಾಡುತ್ತ ಕೂರುತ್ತಾರೆ. ಸರಕು ಗೋದಾಮಿನಲ್ಲಿ ಬಿದ್ದು ಡೆಮರೇಜ್ ಬೆಳೆಯುತ್ತದೆ.

ಎಲ್.ಆರ್. ಕೇವಲ ರಸೀದಿಯಲ್ಲ. ಬ್ಯಾಂಕಿನ ಮೂಲಕ ದಾಖಲೆ ಕಳುಹಿಸಿ ಹಣ ಪಡೆಯುವ ವ್ಯವಹಾರದಲ್ಲಿ ಖರೀದಿದಾರರು ಹಣ ಕಟ್ಟಿ ಆ ಪ್ರತಿಯನ್ನು ಬಿಡಿಸಿಕೊಂಡ ನಂತರವೇ ಸರಕು ಅವರ ಕೈಸೇರಬೇಕು. ಇದಕ್ಕಾಗಿಯೇ ಬ್ಯಾಂಕುಗಳು ಭಾರತೀಯ ಬ್ಯಾಂಕುಗಳ ಸಂಘ ಶಿಫಾರಸು ಮಾಡಿದ ಸಾಗಣೆದಾರರ ಪಟ್ಟಿಯನ್ನು ನೋಡುತ್ತವೆ. ಮುಖಪರಿಚಯದ ಮೇಲೆ ಆ ಪ್ರತಿಯಿಲ್ಲದೆ ಸರಕು ಬಿಟ್ಟುಕೊಟ್ಟ ಗುಮಾಸ್ತ, ಮಾರಿದವರ ಹಣಕ್ಕಿದ್ದ ಏಕೈಕ ಆಧಾರವನ್ನೇ ಬಿಟ್ಟುಕೊಟ್ಟಂತೆ.

ಒಂದು ಅಂಕಿಯ ಬೆಲೆ

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದು ರಾಜ್ಯಗಳ ಗಡಿಯ ವಾಣಿಜ್ಯ ತೆರಿಗೆ ತನಿಖಾ ಠಾಣೆಗಳು ಇಲ್ಲವಾದವು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಕಡ್ಡಾಯವಾಯಿತು; ರಾಜ್ಯದೊಳಗಿನ ಸಾಗಣೆಗೂ ಅದೇ ದಿನದಿಂದ ಅದನ್ನು ಜಾರಿಗೊಳಿಸಿದ ಮೊದಲ ರಾಜ್ಯ ಕರ್ನಾಟಕ. ಠಾಣೆ ಹೋಯಿತಾದರೂ ತಪಾಸಣೆ ಹೋಗಲಿಲ್ಲ. ಅದು ರಸ್ತೆಯ ಯಾವ ಜಾಗದಲ್ಲಾದರೂ ನಡೆಯಬಹುದು. ಹೀಗಾಗಿ ಕಾಗದ ಸರಿಯಾಗಬೇಕಾದದ್ದು ಲಾರಿ ಹೊರಡುವ ಮುನ್ನ, ಗುಮಾಸ್ತನ ಮೇಜಿನ ಮೇಲೆಯೇ.

50,000 ರೂಪಾಯಿ ಮೀರಿದ ಸರಕಿಗೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. ಮೊದಲ ಭಾಗದಲ್ಲಿ ಸರಕು ಮತ್ತು ಬಿಲ್ಲಿನ ವಿವರ, ಎರಡನೆಯ ಭಾಗದಲ್ಲಿ ವಾಹನದ ಸಂಖ್ಯೆ. ದಾರಿಯಲ್ಲಿ ಲಾರಿ ಕೆಟ್ಟು ಸರಕನ್ನು ಬೇರೆ ಲಾರಿಗೆ ಬದಲಾಯಿಸಿದರೆ ಎರಡನೆಯ ಭಾಗವನ್ನೂ ಬದಲಾಯಿಸಬೇಕು. ಅವಧಿಯ ಲೆಕ್ಕ 2021ರ ಜನವರಿ 1ರಿಂದ ಪ್ರತಿ 200 ಕಿಲೋಮೀಟರಿಗೆ ಅಥವಾ ಅದರ ಭಾಗಕ್ಕೆ ಒಂದು ದಿನ. ಬೆಂಗಳೂರಿನಿಂದ ಪುಣೆಗೆ ಸುಮಾರು 840 ಕಿಲೋಮೀಟರ್ ಎಂದುಕೊಂಡರೆ ಐದು ದಿನ. ಸೋಮವಾರ ಮಧ್ಯಾಹ್ನ ವಾಹನದ ಸಂಖ್ಯೆ ನಮೂದಿಸಿದರೆ ಮೊದಲ ದಿನ ಮುಗಿಯುವುದು ಮಂಗಳವಾರದ ಮಧ್ಯರಾತ್ರಿಗೆ. ಐದನೆಯ ದಿನ ಮುಗಿಯುವುದು ಶನಿವಾರದ ಮಧ್ಯರಾತ್ರಿಗೆ. ಅಷ್ಟರೊಳಗೆ ತಲುಪದಿದ್ದರೆ ಅವಧಿ ಮುಗಿಯುವ 8 ಗಂಟೆ ಮೊದಲು ಅಥವಾ ಮುಗಿದ 8 ಗಂಟೆಯ ಒಳಗೆ ವಿಸ್ತರಿಸಿಕೊಳ್ಳಬೇಕು. ಸರಕು ಹತ್ತಿಸುವುದು ತಡವಾಗುವುದೆಂದು ಗೊತ್ತಿದ್ದೂ ಬೆಳಿಗ್ಗೆಯೇ ವಾಹನದ ಸಂಖ್ಯೆ ನಮೂದಿಸಿಬಿಡುವ ಗುಮಾಸ್ತ ಮಾಲೀಕರ ಅವಧಿಯನ್ನು ವೃಥಾ ಕರಗಿಸುತ್ತಾನೆ.

ತಪ್ಪಿದರೆ ಏನಾಗುತ್ತದೆ? 2 ಲಕ್ಷ ರೂಪಾಯಿ ಮೌಲ್ಯದ, ಶೇ. 18 ತೆರಿಗೆಯ ಸರಕು ಸರಿಯಾದ ದಾಖಲೆಯಿಲ್ಲದೆ ಸಿಕ್ಕಿಬಿದ್ದಿದೆ ಎನ್ನೋಣ. ತೆರಿಗೆ 36,000 ರೂಪಾಯಿ. 2022ರ ಜನವರಿ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಸರಕಿನ ಮಾಲೀಕರೇ ಮುಂದೆ ಬಂದು ಬಿಡಿಸಿಕೊಳ್ಳುವುದಾದರೂ ದಂಡ ತೆರಿಗೆಯ ಎರಡರಷ್ಟು, ಅಂದರೆ 72,000 ರೂಪಾಯಿ. ಅದೇ ವಾಹನದ ಸಂಖ್ಯೆಯಲ್ಲಿ ಒಂದೆರಡು ಅಂಕಿ ತಪ್ಪಿದ್ದರೆ, ಅಥವಾ ಜಿಎಸ್‌ಟಿ ಸಂಖ್ಯೆ ಸರಿಯಿದ್ದು ಹೆಸರಿನ ಅಕ್ಷರ ಮಾತ್ರ ತಪ್ಪಿದ್ದರೆ, 2018ರ ಸೆಪ್ಟೆಂಬರ್ 14ರ ಕೇಂದ್ರ ಸುತ್ತೋಲೆಯ ಪ್ರಕಾರ ಅದು ಸಣ್ಣ ತಪ್ಪು. ದಂಡ ಕೇಂದ್ರ ಮತ್ತು ರಾಜ್ಯ ಕಾಯ್ದೆಗಳಡಿ ತಲಾ 500 ರೂಪಾಯಿ. ಈ ವ್ಯತ್ಯಾಸವನ್ನು ಬಲ್ಲ ಗುಮಾಸ್ತ ಚಾಲಕನಿಂದ ದೂರವಾಣಿ ಕರೆ ಬಂದಾಗ ಗಾಬರಿಯಾಗದೆ, ಯಾವ ದಾಖಲೆ ತೋರಿಸಬೇಕು, ಏನನ್ನು ವಿವರಿಸಬೇಕು ಎಂದು ಹೇಳಬಲ್ಲನು.

ಸರಕು ನಷ್ಟದ ವಿಷಯವೂ ಹೀಗೆಯೇ. 1865ರ ಹಳೆಯ ಕಾಯ್ದೆಯ ಸ್ಥಾನದಲ್ಲಿ ಬಂದ 2007ರ ರಸ್ತೆ ಸಾಗಣೆ ಕಾಯ್ದೆ 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದರ ಹಾಗೂ ಅದರ ನಿಯಮಗಳ ಪ್ರಕಾರ, ಹೆಚ್ಚಿನ ಮೌಲ್ಯ ಘೋಷಿಸಿ ಹೆಚ್ಚಿನ ದರ ಕೊಡದಿದ್ದರೆ ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತರಷ್ಟಕ್ಕೆ ಸೀಮಿತ. 2 ಲಕ್ಷ ರೂಪಾಯಿಯ ಸರಕಿಗೆ ಬಾಡಿಗೆ 1,500 ರೂಪಾಯಿಯಾದರೆ ಸಿಗಬಹುದಾದ ಪರಿಹಾರ 15,000 ರೂಪಾಯಿ. ದಾವೆ ಹೂಡುವುದಿದ್ದರೆ ಬುಕಿಂಗ್ ದಿನಾಂಕದಿಂದ 180 ದಿನಗಳೊಳಗೆ ಲಿಖಿತ ನೋಟಿಸು ಕೊಟ್ಟಿರಬೇಕು. ಸರಕಿನ ವಿವರ ಸರಿಯಾಗಿರುವ ಹೊಣೆಯನ್ನು ಇದೇ ಕಾಯ್ದೆ ಕಳುಹಿಸುವವರ ಮೇಲೆ ಹೊರಿಸುತ್ತದೆ. ಆದ್ದರಿಂದ ತಿಳಿವಳಿಕೆಯುಳ್ಳ ಗುಮಾಸ್ತ ಟ್ರಾನ್ಸ್‌ಪೋರ್ಟ್ ಕಚೇರಿಗೆ ಎಷ್ಟು ಅಗತ್ಯವೋ ನಮ್ಮ ಕಾರ್ಖಾನೆಗೂ ಅಷ್ಟೇ ಅಗತ್ಯ.

ಕೆಲಸ ದೊರೆಯುವ ದಾರಿ

ಈ ಹುದ್ದೆಗಳು ಪತ್ರಿಕೆಯ ಜಾಹೀರಾತಿನಲ್ಲಿ ಕಾಣುವುದು ಅಪರೂಪ. ಹಿಂದಿನ ಗುಮಾಸ್ತನ ಬಂಧು, ಚಾಲಕನ ಊರಿನವನು, ಹಮಾಲರ ಮೇಸ್ತ್ರಿಯ ಪರಿಚಿತ, ಹೀಗೆ ಬಾಯಿಮಾತಿನಿಂದಲೇ ನೇಮಕಾತಿ ನಡೆಯುತ್ತದೆ. ಆದುದರಿಂದ ಕೆಲಸ ಅರಸುವವರು ನೇರವಾಗಿ ಕಚೇರಿಗೆ ಹೋಗಿ ಕೇಳುವುದೇ ಉತ್ತಮ. ಹೋಗುವ ಸಮಯವೂ ಮುಖ್ಯ. ಸಂಜೆಯ ಬುಕಿಂಗ್ ಭರದಲ್ಲಿ ಯಾರೂ ಮಾತಿಗೆ ಸಿಗುವುದಿಲ್ಲ. ಬೆಳಗಿನ ಸರಕು ಇಳಿದು ಮುಗಿದ ನಂತರದ ಹೊತ್ತಿನಲ್ಲಿ ಶಾಖಾ ವ್ಯವಸ್ಥಾಪಕರು ಮಾತನಾಡಿಸುತ್ತಾರೆ.

ಎರಡನೆಯ ದಾರಿ ಶಿಶಿಕ್ಷು ತರಬೇತಿ. 1961ರ ಶಿಶಿಕ್ಷು ಕಾಯ್ದೆಯ ಈಗಿನ ನಿಯಮಗಳಂತೆ 30 ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಗಳು ಶಿಶಿಕ್ಷುಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಮಂದಿಯಿರುವ ಸಂಸ್ಥೆಗಳು ಇಚ್ಛೆಯಿದ್ದರೆ ತೆಗೆದುಕೊಳ್ಳಬಹುದು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಶಿಶಿಕ್ಷು ಉತ್ತೇಜನ ಯೋಜನೆಯಡಿ ಶಿಷ್ಯವೇತನದ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತದೆ. 2015ರಿಂದಿರುವ ರಾಷ್ಟ್ರೀಯ ವೃತ್ತಿ ಸೇವಾ ಜಾಲತಾಣದಲ್ಲಿ ಉದ್ಯೋಗದಾತರೂ ಅಭ್ಯರ್ಥಿಗಳೂ ಶುಲ್ಕವಿಲ್ಲದೆ ನೋಂದಾಯಿಸಿಕೊಳ್ಳಬಹುದು. ಇವುಗಳನ್ನು ಬಳಸಿಕೊಂಡರೆ ಪರಿಚಯದ ವಲಯದ ಹೊರಗಿನವರೂ ನಮ್ಮ ಬಾಗಿಲಿಗೆ ಬರುತ್ತಾರೆ.

ಮೂರನೆಯದು, ಕಾರ್ಖಾನೆಯ ಡಿಸ್‌ಪ್ಯಾಚ್ ವಿಭಾಗದಲ್ಲಿ ಆರಂಭಿಸಿ ಅನುಭವ ಪಡೆಯುವುದು. ಬುಕಿಂಗ್ ಕಚೇರಿಯ ರಾತ್ರಿ ಪಾಳಿಗೆ ಬರಲಾಗದ ಮಹಿಳೆಯರಿಗೆ ಹಗಲು ವೇಳೆಯ ಈ ಕೆಲಸ ಹೆಚ್ಚು ಅನುಕೂಲಕರ. ಬಿಲ್ಲು, ಇ-ವೇ ಬಿಲ್, ಸ್ವೀಕೃತಿ ಪ್ರತಿಗಳ ಬೆನ್ನುಹತ್ತುವಿಕೆ, ಬಾಡಿಗೆ ಬಿಲ್ಲುಗಳ ಪರಿಶೀಲನೆ ಇವೆಲ್ಲವನ್ನೂ ಇಲ್ಲಿಯೇ ಕಲಿಯಬಹುದು.

ಆಯ್ಕೆ ಹೇಗೆ?

ಅಭ್ಯರ್ಥಿಯ ಅಂಕಪಟ್ಟಿಗಿಂತ ಅರ್ಧ ಗಂಟೆಯ ಪರೀಕ್ಷೆ ಹೆಚ್ಚು ಹೇಳುತ್ತದೆ. ಈ ಕೆಳಗಿನವುಗಳನ್ನು ಸದಸ್ಯರು ಪ್ರಯತ್ನಿಸಿ ನೋಡಬಹುದು.

1. ಒಂದು ಬಿಲ್ಲು ಮತ್ತು ಖಾಲಿ ಎಲ್.ಆರ್. ಕೊಟ್ಟು ತುಂಬಿಸಲು ಹೇಳಿ. ಬಿಲ್ಲಿನಲ್ಲಿರುವ ನಗಗಳಿಗಿಂತ ಒಂದು ನಗ ಕಡಿಮೆ ತೋರಿಸಿ. ಎಣಿಸದೆ ಬರೆಯುವವನು ಈ ಕೆಲಸಕ್ಕಲ್ಲ.

2. ದೂರ ಮತ್ತು ಹೊರಡುವ ಸಮಯ ಹೇಳಿ, ಇ-ವೇ ಬಿಲ್ ಯಾವಾಗ ಮುಗಿಯುವುದೆಂದು ಕೇಳಿ. ನಿಯಮ ಗೊತ್ತಿಲ್ಲದಿದ್ದರೆ ವಿವರಿಸಿ ಮತ್ತೆ ಕೇಳಿ. ಬೇಗ ಕಲಿಯುವವನನ್ನು ಇದು ಗುರುತಿಸುತ್ತದೆ.

3. ಹಾನಿಗೊಂಡ ಪೆಟ್ಟಿಗೆಯೊಂದನ್ನು ತೋರಿಸಿ ಸ್ವೀಕೃತಿ ಪ್ರತಿಯಲ್ಲಿ ಏನು ಬರೆಯುವಿರಿ ಎಂದು ಕೇಳಿ. ಸ್ಥಿತಿಯನ್ನು ಇದ್ದಂತೆ, ಸಂಖ್ಯೆ ಸಹಿತ ಬರೆಯುವ ಉತ್ತರ ಬೇಕು.

4. ಕನ್ನಡದ ಜೊತೆಗೆ ಚಾಲಕರೊಡನೆ ಹಿಂದಿಯಲ್ಲಿ ವ್ಯವಹರಿಸಲು, ಇಂಗ್ಲಿಷ್ ದಾಖಲೆ ಓದಲು ಬರುವುದೇ ನೋಡಿ.

ಅಧಿಕ ಭಾರವನ್ನು ನಿರಾಕರಿಸುವ ಧೈರ್ಯವೂ ಒಂದು ಅರ್ಹತೆಯೇ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ವಿಧಿಸುತ್ತದೆ. ಲಾರಿ ಓಡಿಸಿದವರಷ್ಟೇ ಅಲ್ಲ, ಓಡಿಸಲು ಕಾರಣರಾದವರೂ ಹೊಣೆಗಾರರು. ತೂಕದ ಚೀಟಿ ನೋಡಿ 'ಇಷ್ಟು ಸಾಕು' ಎನ್ನುವ ಗುಮಾಸ್ತನನ್ನು ಮಾಲೀಕರು ಗದರಿಸುವುದಾದರೆ ಅವನು ಮರುದಿನದಿಂದ ಸುಮ್ಮನಾಗುತ್ತಾನೆ. ಆ ಮೌನದ ವೆಚ್ಚ ಮಾಲೀಕರದೇ.

ವೇತನ ಮತ್ತು ಭದ್ರತೆ

ಕೆಲಸ ಕಲಿತ ಗುಮಾಸ್ತ ಒಂದೆರಡು ವರ್ಷಗಳಲ್ಲಿ ಬಿಟ್ಟುಹೋಗುತ್ತಾನೆಂಬ ದೂರಿಗೆ ವೇತನವೊಂದೇ ಕಾರಣವಲ್ಲ. ನಗ ಕಡಿಮೆ ಬಿದ್ದಾಗ, ಸರಕು ಒಡೆದಾಗ, ವಿಚಾರಣೆಯಿಲ್ಲದೆ ಅವನ ಸಂಬಳದಿಂದ ಹಿಡಿದುಕೊಳ್ಳುವ ಪದ್ಧತಿ ಈ ಉದ್ಯಮದಲ್ಲಿ ಹಳೆಯದು. ವೇತನ ಕಾನೂನು ಇದನ್ನು ಒಪ್ಪುವುದಿಲ್ಲ. ನಷ್ಟ ಅವನ ವಶಕ್ಕೆ ಒಪ್ಪಿಸಿದ ಸರಕಿನದಾಗಿದ್ದು, ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕು. ಕಡಿತಕ್ಕೆ ಮುನ್ನ ಅವನ ಸಮಜಾಯಿಷಿ ಕೇಳಿರಬೇಕು. ರಾತ್ರಿ ಹನ್ನೊಂದು ಗಂಟೆಗೆ ಮಬ್ಬು ಬೆಳಕಿನಲ್ಲಿ ನೂರಾರು ನಗಗಳನ್ನು ಒಬ್ಬನೇ ಎಣಿಸಬೇಕಾದ ವ್ಯವಸ್ಥೆಯನ್ನು ನಾವೇ ಮಾಡಿ, ಎಣಿಕೆ ತಪ್ಪಿದ್ದಕ್ಕೆ ಅವನನ್ನು ದಂಡಿಸುವುದು ನ್ಯಾಯವೂ ಅಲ್ಲ, ಲಾಭವೂ ಅಲ್ಲ. ಎರಡನೆಯ ಎಣಿಕೆಗೆ ಒಬ್ಬರನ್ನು ನಿಲ್ಲಿಸುವ ಖರ್ಚು ಅದಕ್ಕಿಂತ ಕಡಿಮೆ.

ಕನಿಷ್ಠ ವೇತನ, ಹೆಚ್ಚುವರಿ ದುಡಿಮೆಯ ಭತ್ಯೆ, ಸಾಮಾನ್ಯವಾಗಿ 10 ನೌಕರರಿರುವ ಸಂಸ್ಥೆಗೆ ಇಎಸ್‌ಐ ಮತ್ತು 20 ನೌಕರರಿರುವ ಸಂಸ್ಥೆಗೆ ಭವಿಷ್ಯ ನಿಧಿ, ಇವು ಕಾನೂನಿನ ಹೊಣೆಗಳು. ಇವುಗಳ ಜೊತೆಗೆ ಬೆಳವಣಿಗೆಯ ದಾರಿಯನ್ನೂ ತೋರಿಸಬೇಕು. ಬುಕಿಂಗ್ ಗುಮಾಸ್ತನಿಗೆ ಶಾಖಾ ವ್ಯವಸ್ಥಾಪಕನಾಗುವ, ಮುಂದೆ ಸ್ವಂತ ಏಜೆನ್ಸಿ ನಡೆಸುವ ಅವಕಾಶ ಈ ಉದ್ಯಮದಲ್ಲಿ ಉಂಟು. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭವಾದ ಸಂಸ್ಥೆಯೊಂದು ಇಂದು ಹುಬ್ಬಳ್ಳಿಯಿಂದ ದೇಶದಾದ್ಯಂತ ಸಾಗಣೆ ನಡೆಸುತ್ತಿರುವುದನ್ನು ನಮ್ಮ ಸದಸ್ಯರೆಲ್ಲರೂ ಬಲ್ಲರು. ಅಷ್ಟು ಶಾಖೆಗಳು ನಡೆಯುವುದು ಪ್ರತಿ ಊರಿನ ಕಟ್ಟೆಯ ಮೇಲೆ ಕುಳಿತು ಕಾಗದ ಸರಿಯಾಗಿ ಬರೆಯುವವರಿಂದ.

ಸದಸ್ಯರಲ್ಲಿ ವಿನಂತಿ

ಮುಂದಿನ ನೇಮಕಾತಿಯ ಸಂದರ್ಭದಲ್ಲಿ ಸದಸ್ಯರು ಮೂರು ಕ್ರಮಗಳನ್ನು ಕೈಗೊಳ್ಳಬಹುದು. ಖಾಲಿ ಹುದ್ದೆಯನ್ನು ಪರಿಚಿತರಿಗಷ್ಟೇ ಹೇಳದೆ ಸಮೀಪದ ವಾಣಿಜ್ಯ ಕಾಲೇಜಿಗೂ ಉದ್ಯೋಗ ವಿನಿಮಯ ಕೇಂದ್ರಕ್ಕೂ ತಿಳಿಸುವುದು, ಸೇರಿದವರನ್ನು ಮೊದಲ ತಿಂಗಳು ಅನುಭವಿ ಗುಮಾಸ್ತರ ಪಕ್ಕದಲ್ಲಿ ಕೂರಿಸಿ ಕಲಿಸುವುದು, ಎಲ್.ಆರ್., ಇ-ವೇ ಬಿಲ್, ಸ್ವೀಕೃತಿ ಪ್ರತಿಗಳ ಬಗ್ಗೆ ಒಂದು ಪುಟದ ಸೂಚನೆಯನ್ನು ಕನ್ನಡದಲ್ಲಿಯೇ ಬರೆಸಿ ಮೇಜಿನ ಮುಂದೆ ಅಂಟಿಸುವುದು. ಇವಕ್ಕೆ ತಗಲುವ ವೆಚ್ಚ ಅತ್ಯಲ್ಪ. ರಸ್ತೆಯಲ್ಲಿ ತಡೆಹಿಡಿಯಲಾದ ಒಂದೇ ಒಂದು ಲಾರಿ ಅದಕ್ಕಿಂತ ಹೆಚ್ಚಿನ ಹಣವನ್ನು ಒಂದೇ ರಾತ್ರಿಯಲ್ಲಿ ಕೊಂಡೊಯ್ಯುತ್ತದೆ.