ಕ್ಯಾಮರಾದ ನೆತ್ತಿಯಿಂದ ಇಳಿದ ಬೆಳಕು

ಹೋಟೆಲಿನಲ್ಲಿ ದುಡಿಯುವವನಿಗೆ ಬಿಡುವು ದೊರೆಯುವುದು ಬಾಗಿಲು ಹಾಕಿದ ಮೇಲೆ. ಕಚೇರಿಯ ಗುಮಾಸ್ತನು ರೈಲಿನಿಂದಿಳಿದು ಕೋಣೆ ಸೇರುವ ವೇಳೆಗೆ ದೀಪ ಹೊತ್ತಿರುತ್ತದೆ. "ನಿನ್ನದೊಂದು ಒಳ್ಳೆಯ ಫೋಟೋ ಕಳುಹಿಸು ಮಗಾ, ಹೆಣ್ಣಿನ ಕಡೆಯವರು ಕೇಳುತ್ತಿದ್ದಾರೆ" ಎಂದು ಊರಿನಿಂದ ತಾಯಿ ಹೇಳಿದರೆ, ಅದನ್ನು ತೆಗೆಯಬೇಕಾದುದು ರಾತ್ರಿಯ ಹೊತ್ತಿನಲ್ಲಿಯೇ. ಸ್ನೇಹಿತನೊಬ್ಬನು ಕ್ಯಾಮರಾ ತರುತ್ತಾನೆ, ಫ್ಲ್ಯಾಶ್ ಮಿಂಚುತ್ತದೆ. ಚಿತ್ರದಲ್ಲಿ ಮೂಡುವುದು ಅಕ್ಕಿಹಿಟ್ಟು ಬಳಿದಂತಹ ಮುಖ, ಬೆವರಿನಿಂದ ಹೊಳೆಯುವ ಹಣೆ, ಬೆನ್ನ ಹಿಂದಿನ ಗೋಡೆಗೆ ಅಂಟಿಕೊಂಡ ಕರಿಯ ನೆರಳು. ದೋಷವೆಲ್ಲ ಪಾಪ ಆ ಮುಖದ ಪಾಲಿಗೆ! ವಾಸ್ತವವಾಗಿ ದೋಷವು ಮುಖದ್ದೂ ಅಲ್ಲ, ಕ್ಯಾಮರಾದ್ದೂ ಅಲ್ಲ. ಬೆಳಕು ನಿಂತ ಸ್ಥಳದ್ದು. ಕಣ್ಣಿನ ಎದುರಿನಿಂದಲೇ ಬಂದ ಬೆಳಕು ಮುಖದ ಏರುತಗ್ಗುಗಳನ್ನೆಲ್ಲ ಅಳಿಸಿಬಿಡುತ್ತದೆ. ಒಂದು ಬದಿಗೆ ಕೊಂಚ ನೆರಳು ಬಿದ್ದಾಗಲೇ ಮೂಗು ಮೂಗಾಗಿ ಕಾಣುವುದು.

ಬೆಳಕನ್ನು ಕ್ಯಾಮರಾದಿಂದ ಬೇರೆಯಾಗಿ ಹಿಡಿಯುವುದು ಹೊಸ ಶೋಧವೇನೂ ಅಲ್ಲ. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಎಂಬವರು ಮೆಗ್ನೀಸಿಯಂ ಬೆರೆತ ಮಿಂಚುಪುಡಿಯನ್ನು ಸಿದ್ಧಪಡಿಸಿದರು. ಡೆನ್ಮಾರ್ಕಿನಿಂದ ನ್ಯೂಯಾರ್ಕಿಗೆ ವಲಸೆ ಬಂದಿದ್ದ ಪತ್ರಕರ್ತ ಜೇಕಬ್ ರೀಸ್ ಎಂಬಾತನು ಆ ಪುಡಿಯನ್ನು ಅಡುಗೆಯ ಬಾಣಲೆಯಲ್ಲಿ ಸುಟ್ಟು, ಬಡ ಕೂಲಿಗಾರರು ಒತ್ತೊತ್ತಾಗಿ ಮಲಗುತ್ತಿದ್ದ ಕೋಣೆಗಳ ಚಿತ್ರ ತೆಗೆದು, 1890ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಈ ಸಾಹಸದಲ್ಲಿ ಎರಡು ಸಲ ಮನೆಗೆ ಬೆಂಕಿ ತಗುಲಿತೆಂದು ಅವನೇ ಬರೆದಿದ್ದಾನೆ. ಆ ಚಿತ್ರಗಳಲ್ಲಿ ನಿದ್ದೆಗಣ್ಣಿನ ಜನರು ಬೆಚ್ಚಿ ನೋಡುತ್ತಾರೆ. ನಗರದ ಧನಿಕರ ಕಣ್ಣು ತೆರೆಯಿಸಲು ಅಂತಹ ಬೆಳಕು ತಕ್ಕುದಾಗಿದ್ದಿರಬಹುದು. ಹೆತ್ತ ತಾಯಿಗೆ ಕಳುಹಿಸುವ ಚಿತ್ರಕ್ಕೆ ತಕ್ಕುದಲ್ಲ.

ಇದಕ್ಕಾಗಿ ಸಾಲ ಮಾಡಬೇಕಾದ ಅಗತ್ಯವಿಲ್ಲ. ಕ್ಯಾಮರಾ ಕಂಪೆನಿಗಳ ದುಬಾರಿ ಫ್ಲ್ಯಾಶ್ ಬೇಡ. ಗೋಡಾಕ್ಸ್ ಟಿಟಿ600, ಯಾಂಗ್‌ನೂ ವೈಎನ್560 ಮೊದಲಾದ ಸಾದಾ ಮ್ಯಾನ್ಯುಅಲ್ ಫ್ಲ್ಯಾಶ್ ಸಾಕು. ಜತೆಗೆ ನಾಲ್ಕು ಚಾರ್ಜಿನ ಸೆಲ್ಲುಗಳು, ಕ್ಯಾಮರಾದ ಮೇಲೆ ಕೂರಿಸುವ ಒಂದು ರೇಡಿಯೋ ಟ್ರಿಗರ್. ಟ್ರಿಗರಿಗೆ ಹಣ ಸಾಲದಿದ್ದರೆ, ಕ್ಯಾಮರಾದಲ್ಲಿಯೇ ಇರುವ ಪುಟ್ಟ ಫ್ಲ್ಯಾಶಿನ ಮಿಂಚನ್ನು ಕಂಡೊಡನೆ ತಾನೂ ಮಿಂಚುವ 'ಸ್ಲೇವ್' ವ್ಯವಸ್ಥೆ ಇವುಗಳಲ್ಲಿದೆ. ಮುಂಬಯಿಯ ಬೋರಾ ಬಜಾರಿನಂತಹ ಕಡೆ ವಿಚಾರಿಸಿದರೆ ಬಳಸಿದ ಸಾಮಾನೂ ಸಿಗುತ್ತದೆ. ಆದರೆ ಫಿಲ್ಮಿನ ಕಾಲದ ಹಳೆಯ ಫ್ಲ್ಯಾಶನ್ನು ಅಗ್ಗವೆಂದು ತಂದು ಡಿಜಿಟಲ್ ಕ್ಯಾಮರಾಕ್ಕೆ ಜೋಡಿಸಬಾರದು. ಅಂತಹ ಕೆಲವುಗಳ ಸಂಪರ್ಕಬಿಂದುವಿನಲ್ಲಿ 200 ವೋಲ್ಟಿಗೂ ಮೀರಿದ ವಿದ್ಯುತ್ತಿರುತ್ತದೆ, ಕ್ಯಾಮರಾ ಸುಟ್ಟುಹೋದೀತು. ಕೆಟ್ಟ ಫ್ಲ್ಯಾಶನ್ನು ತಾವಾಗಿ ಬಿಚ್ಚಲೂಬಾರದು. ಸೆಲ್ಲು ತೆಗೆದ ಮೇಲೆಯೂ ಒಳಗಿನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಉಳಿದಿರಬಹುದು.

ಇನ್ನು ಚಿತ್ರ ತೆಗೆಯುವ ಕ್ರಮ. ಕೋಣೆಯಲ್ಲಿ ಹಗ್ಗ ಕಟ್ಟಿ, ಶುಭ್ರವಾದ ಬಿಳಿಯ ಪಂಚೆಯೊಂದನ್ನು ಅಗಲಿಸಿ ಇಳಿಬಿಡಬೇಕು. ಕುಳಿತವನ ಮುಖಕ್ಕೆ ಮೂರಡಿ ದೂರದಲ್ಲಿ, ಓರೆಯಾಗಿ ಎದುರಿನ ಒಂದು ಮಗ್ಗುಲಿಗೆ ಅದು ಇರಲಿ. ಪಂಚೆಯ ಆಚೆ ಮತ್ತೆ ಮೂರಡಿ ದೂರದಲ್ಲಿ, ಅವನ ಕಣ್ಣಿಗಿಂತ ಒಂದಡಿ ಎತ್ತರದಲ್ಲಿ, ಇನ್ನೊಬ್ಬ ಸ್ನೇಹಿತನು ಫ್ಲ್ಯಾಶ್ ಹಿಡಿದು ನಿಲ್ಲಲಿ. ಬೆಂಕಿಪೆಟ್ಟಿಗೆಯಗಲದ ಮಿಂಚು ಪಂಚೆಯಗಲಕ್ಕೆ ಹರಡಿ, ಊರಮನೆಯ ಕಿಟಕಿಯ ಬೆಳಕಿನಂತೆ ಮೃದುವಾಗುತ್ತದೆ. ಮತ್ತೊಂದು ಮಗ್ಗುಲಲ್ಲಿ ಬಿಳಿಯ ಥರ್ಮೊಕೋಲ್ ಹಲಗೆ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ. ನಾಲ್ವರು ಮಲಗುವ ನಮ್ಮ ಕೋಣೆಗಳಲ್ಲಿ ಇಷ್ಟು ಜಾಗವೆಲ್ಲಿ ಎಂದು ಕೇಳಬಹುದು. ಮಾಲಕರು ಒಪ್ಪಿದರೆ, ಬಾಗಿಲು ಹಾಕಿದ ಹೋಟೆಲಿನ ಎರಡು ಮೇಜುಗಳನ್ನು ಸರಿಸಿದ ಎಡೆಯೇ ಸಾಕು.

ಕ್ಯಾಮರಾವನ್ನು ಮ್ಯಾನ್ಯುಅಲಿಗೆ ತಿರುಗಿಸಿ ಐಎಸ್‌ಒ 400, ಅಪರ್ಚರ್ 5.6, ಶಟರ್ 1/160 ಇರಿಸಿ, ಫ್ಲ್ಯಾಶಿನ ಶಕ್ತಿಯನ್ನು 1/8ಕ್ಕೆ ಇಟ್ಟು ಆರಂಭಿಸಬಹುದು. ಮುಖ ಬೆಳ್ಳಗಾದರೆ ಶಕ್ತಿಯನ್ನು 1/16ಕ್ಕೆ ಇಳಿಸುವುದು, ಕಪ್ಪಾದರೆ 1/4ಕ್ಕೆ ಏರಿಸುವುದು. ಅನೇಕರು ಇಲ್ಲಿ ಶಟರನ್ನು ತಿರುಗಿಸಿ ತಿರುಗಿಸಿ ಬೇಸರಪಡುತ್ತಾರೆ. ಫ್ಲ್ಯಾಶಿನ ಮಿಂಚು ಸೆಕೆಂಡಿನ ಸಾವಿರದಲ್ಲೊಂದು ಭಾಗದೊಳಗೇ ಮುಗಿಯುವುದರಿಂದ ಶಟರಿನಿಂದ ಅದು ಹೆಚ್ಚುಕಡಿಮೆಯಾಗದು. ಶಟರಿನ ಅಧಿಕಾರವೇನಿದ್ದರೂ ಕೋಣೆಯ ಟ್ಯೂಬ್‌ಲೈಟಿನ ಮೇಲೆ. ಅದನ್ನು ಸುಮಾರು 1/200 ಅಥವಾ 1/250 ದಾಟಿಸಿದರೆ ಚಿತ್ರದ ಒಂದು ಅಂಚಿನಲ್ಲಿ ಕಪ್ಪುಪಟ್ಟಿ ಮೂಡುತ್ತದೆ. ದೂರದ ಲೆಕ್ಕವನ್ನೂ ಮರೆಯಬಾರದು: ಪಂಚೆಯಿಲ್ಲದೆ ನೇರವಾಗಿ ಹಿಡಿದ ಫ್ಲ್ಯಾಶ್ ಮೂರಡಿಯಿಂದ ಆರಡಿಗೆ ಸರಿದರೆ ಬೆಳಕು ಅರ್ಧವಾಗುವುದಿಲ್ಲ, ಕಾಲುಭಾಗಕ್ಕಿಳಿಯುತ್ತದೆ.

ಮೊಬೈಲಿಗೆ ಸಾಮಾನ್ಯವಾಗಿ ಈ ಫ್ಲ್ಯಾಶ್ ಹೊಂದುವುದಿಲ್ಲ. ಮೊಬೈಲು ಮಾತ್ರ ಉಳ್ಳವರು ಜತೆಗಾರನ ಮೊಬೈಲಿನ ಟಾರ್ಚನ್ನು ಬಿಳಿಯ ತೆಳುಕಾಗದದ ಹಿಂದಿನಿಂದ, ಅದೇ ಮಗ್ಗುಲಿನಲ್ಲಿ ಹಿಡಿಸಿ ನೋಡಬಹುದು.

ಮುಖದ ಚಿತ್ರ ಕೈಗೆ ಹತ್ತಿದ ಮೇಲೆ ಚಹದ ಗ್ಲಾಸನ್ನು ಪ್ರಯತ್ನಿಸಬೇಕು. ಎದುರಿನ ಬೆಳಕಿನಲ್ಲಿ ಹಬೆಯು ಕಾಣಿಸುವುದೇ ಇಲ್ಲ. ಫ್ಲ್ಯಾಶನ್ನು ಗ್ಲಾಸಿನ ಹಿಂದೆ, ಒಂದು ಪಕ್ಕಕ್ಕೆ, ಲೆನ್ಸಿನ ಕಣ್ಣಿಗೆ ಬೀಳದಂತೆ ಇರಿಸಿ, ಹಿನ್ನೆಲೆಗೆ ಕರಿಯ ಬಟ್ಟೆಯೊಂದನ್ನು ತೂಗಹಾಕಿ ತೆಗೆದರೆ, ದಿನವೂ ಕೈಯಿಂದ ದಾಟಿಹೋಗುವ ಅದೇ ಹಬೆ ಬೆಳ್ಳಿಯ ಎಳೆಗಳಂತೆ ಸುರುಳಿಯಾಗಿ ಏಳುವುದು ಕಾಣುತ್ತದೆ. ಚಹ ಮಾತ್ರ ಆಗತಾನೆ ಇಳಿಸಿದುದಾಗಿರಬೇಕು, ಫ್ಯಾನನ್ನು ಆರಿಸಿರಬೇಕು.